ಎನ್‌ಜಿಸ್ಪೈಸ್ ಮತ್ತು ಸೈಪೈ: ಲೋಕಲ್ ಆಪ್ಟಿಮೈಸರ್‌ಗೆ ಹೊರಡುವ ಜಾಗ ತೋರಿಸುವುದು ಹೇಗೆ

ಅನಲಾಗ್ ಸರ್ಕ್ಯೂಟಿನ ಟ್ರಾನ್ಸಿಸ್ಟರ್ ಅಳತೆಗಳನ್ನು ಕಂಪ್ಯೂಟರಿನಿಂದಲೇ ಹೊಂದಿಸಿಕೊಳ್ಳಬೇಕು, ಆದರೆ ವಾಣಿಜ್ಯ ಸಾಫ್ಟ್‌ವೇರಿನ ಪರವಾನಗಿ ಕೈಯಲ್ಲಿಲ್ಲ ಎನ್ನುವವರಿಗೆ ಇವತ್ತು ಇರುವ ಒಳ್ಳೆಯ ದಾರಿ, ಎನ್‌ಜಿಸ್ಪೈಸ್ ಸಿಮ್ಯುಲೇಟರನ್ನು ಪೈಥಾನಿನ ಸೈಪೈ ಲೈಬ್ರರಿಗೆ ಜೋಡಿಸುವುದು. ಎರಡೂ ಉಚಿತ, ಎರಡರ ಮೂಲ ಕೋಡೂ ತೆರೆದಿದೆ. ಎನ್‌ಜಿಸ್ಪೈಸ್ ಬರ್ಕ್ಲಿಯ ಸ್ಪೈಸ್ 3ಎಫ್5ರ ವಂಶದ್ದು. ಸರ್ಕ್ಯೂಟ್ ಬೋರ್ಡ್ ವಿನ್ಯಾಸದ ಕೈಕ್ಯಾಡ್ ತಂತ್ರಾಂಶದ ಒಳಗೆ ಕೆಲಸ ಮಾಡುವ ಸಿಮ್ಯುಲೇಟರೂ ಇದೇ. 2020ರಲ್ಲಿ ಗೂಗಲ್ ಮತ್ತು ಚಿಪ್ ತಯಾರಿಸುವ ಸ್ಕೈವಾಟರ್ ಕಂಪನಿ ಸೇರಿ 130 ನ್ಯಾನೋಮೀಟರ್ ಪ್ರಕ್ರಿಯೆಯ ಮಾದರಿಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟ ಮೇಲೆ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಿಜವಾದ ಚಿಪ್ಪಿನ ಟ್ರಾನ್ಸಿಸ್ಟರುಗಳ ಮೇಲೆ ಕೈಯಾಡಿಸಬಹುದು.

ಈ ವಿಮರ್ಶೆ ಈ ಜೋಡಿಯ ಒಂದೇ ಮಗ್ಗುಲನ್ನು ನೋಡುತ್ತದೆ. ಲೋಕಲ್ ಆಪ್ಟಿಮೈಸರ್ ಎಂದರೆ ನಿಂತ ಜಾಗದಿಂದ ಇಳಿಜಾರು ಹಿಡಿದು ಹತ್ತಿರದ ತಗ್ಗಿಗೆ ಇಳಿಯುವ ಯಂತ್ರ. ಯಾವ ತಗ್ಗಿಗೆ ಇಳಿಯುತ್ತದೆ ಎಂಬುದು ಎಲ್ಲಿ ನಿಲ್ಲಿಸಿದಿರಿ ಎಂಬುದರ ಮೇಲೆ ನಿಂತಿದೆ. ಸೈಪೈಯ ಆಲ್ಗಾರಿದಮ್‌ಗಳು ಗಟ್ಟಿಯಾಗಿವೆ, ಎನ್‌ಜಿಸ್ಪೈಸಿನ ಲೆಕ್ಕವೂ ನಂಬಿಕೆಗೆ ಅರ್ಹ. ಆದರೆ ಇಬ್ಬರ ನಡುವೆ ಇರಬೇಕಾದ ತಿಳಿವಳಿಕೆ, ಅಂದರೆ ಎಲ್ಲಿಂದ ಹೊರಡಬೇಕು, ಮೊದಲ ಹೆಜ್ಜೆ ಎಷ್ಟು ದೊಡ್ಡದಿರಬೇಕು ಎಂಬುದು, ಪೆಟ್ಟಿಗೆಯಲ್ಲಿ ಬರುವುದಿಲ್ಲ. ‘ಆಪ್ಟಿಮೈಸರ್ ಕೆಲಸ ಮಾಡುವುದಿಲ್ಲ’ ಎಂಬ ದೂರುಗಳ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಪರೀಕ್ಷೆಗೆ ಎರಡು ಹಂತದ ಮಿಲ್ಲರ್ ಆಪ್-ಆಂಪ್ (ಸಂಕೇತವನ್ನು ಹಿಗ್ಗಿಸುವ ಸರ್ಕ್ಯೂಟ್) ಸಾಕು. ಇಂಜಿನಿಯರಿಂಗ್ ಓದಿದವರಿಗೆಲ್ಲ ಪರಿಚಯವಿರುವ ಸರ್ಕ್ಯೂಟ್ ಅದು, ಆಪ್ಟಿಮೈಸರ್ ಮುಗ್ಗರಿಸುವ ಜಾಗಗಳೆಲ್ಲ ಅದರಲ್ಲೇ ಇವೆ. ಸಪ್ಲೈ 1.8 ವೋಲ್ಟ್, ಲೋಡ್ 5 ಪಿಕೋಫ್ಯಾರಡ್. ಬೇಕಾದದ್ದು 70 ಡೆಸಿಬೆಲ್ ಡಿಸಿ ಗೇನ್, 10 ಮೆಗಾಹರ್ಟ್ಸ್ ಗೇನ್-ಬ್ಯಾಂಡ್‌ವಿಡ್ತ್, 60 ಡಿಗ್ರಿ ಫೇಸ್ ಮಾರ್ಜಿನ್ (ಸ್ಥಿರತೆಯ ಅಳತೆ), ಮೈಕ್ರೋಸೆಕೆಂಡಿಗೆ 10 ವೋಲ್ಟ್ ಸ್ಲೂ ರೇಟ್ (ಔಟ್‌ಪುಟ್ ಬದಲಾಗುವ ಗರಿಷ್ಠ ವೇಗ). ಇವೆಲ್ಲ ಸಿಕ್ಕಿದ ಮೇಲೆ ಕರೆಂಟ್ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಇನ್‌ಪುಟ್ ಜೋಡಿ ಎನ್‌ಮಾಸ್, ಅದರ ಮೇಲೆ ಪಿಮಾಸ್ ಮಿರರ್, ಎರಡನೇ ಹಂತದಲ್ಲಿ ಗೇನ್ ಕೊಡುವ ಪಿಮಾಸ್. ಇದನ್ನು ಮುಂದೆ ಎಂ6 ಎಂದು ಕರೆಯೋಣ.

ಹೊರಟ ಜಾಗದಲ್ಲೇ ‘ತಲುಪಿದೆ’ ಎನ್ನುವ ಆಪ್ಟಿಮೈಸರ್

ಮೊದಲ ಸಲ ಜೋಡಿಸಿದಾಗ ಹೆಚ್ಚಿನವರು ಕಾಣುವ ದೃಶ್ಯ ಹೀಗಿರುತ್ತದೆ. ಅಳತೆಗಳಿಗೆ ಮೇಲಿನ, ಕೆಳಗಿನ ಮಿತಿ ಕೊಟ್ಟು ಸೈಪೈಯ ಮಿನಿಮೈಸ್ ಫಂಕ್ಷನ್ ಕರೆಯುತ್ತೀರಿ. ಮಿತಿ ಕೊಟ್ಟು ವಿಧಾನ ಹೇಳದಿದ್ದರೆ ಅದು ಇಳಿಜಾರು ಹಿಡಿದು ಇಳಿಯುವ ಎಲ್-ಬಿಎಫ್‌ಜಿಎಸ್-ಬಿ ವಿಧಾನ ಆರಿಸಿಕೊಳ್ಳುತ್ತದೆ. ಹತ್ತಾರು ಸಿಮ್ಯುಲೇಷನ್ ಆಗುವಷ್ಟರಲ್ಲಿ ಯಶಸ್ಸಿನ ಸಂದೇಶ ಬರುತ್ತದೆ, ಉತ್ತರ ನೋಡಿದರೆ ನೀವು ಕೊಟ್ಟ ಆರಂಭ ಬಿಂದುವೇ.

ಕಾರಣ ಸರಳ. ಈ ವಿಧಾನ ಇಳಿಜಾರನ್ನು ತಾನೇ ಅಳೆಯಲು ಪ್ರತಿ ಚರವನ್ನು 10⁻⁸ರಷ್ಟು ಅಲುಗಿಸಿ ನೋಡುತ್ತದೆ. ಕಾಗದದ ಮೇಲಿನ ಗಣಿತಕ್ಕೆ ಅದು ಸರಿ. ಆದರೆ ಎನ್‌ಜಿಸ್ಪೈಸಿನಲ್ಲಿ ರೆಲ್‌ಟಾಲ್‌ನ, ಅಂದರೆ ಉತ್ತರದಲ್ಲಿ ಒಪ್ಪುವ ಸಾಪೇಕ್ಷ ತಪ್ಪಿನ, ಡೀಫಾಲ್ಟ್ ಬೆಲೆ 10⁻³. ಆಪರೇಟಿಂಗ್ ಪಾಯಿಂಟನ್ನು (ಸಂಕೇತವಿಲ್ಲದಾಗ ಸರ್ಕ್ಯೂಟ್ ನಿಲ್ಲುವ ವೋಲ್ಟೇಜ್–ಕರೆಂಟ್‌ಗಳನ್ನು) ಅಷ್ಟು ನಿಖರತೆಗೆ ಹುಡುಕಿದ ಮೇಲೆ ಅದು ನಿಲ್ಲಲು ಸ್ವತಂತ್ರ. ಸಾಲದ್ದಕ್ಕೆ ಮೆಷರ್ ಆಜ್ಞೆ ಉತ್ತರವನ್ನು ಆರೇಳು ಸಾರ್ಥಕ ಅಂಕಿಗಳಲ್ಲಿ ಅಚ್ಚು ಹಾಕುತ್ತದೆ. ಆ ಪಠ್ಯವನ್ನು ಪೈಥಾನ್ ಓದಿಕೊಂಡರೆ 10⁻⁸ರ ಅಲುಗಾಟ ಕಣ್ಣಿಗೇ ಬೀಳುವುದಿಲ್ಲ. ಅಲುಗಿಸುವ ಮೊದಲೂ ನಂತರವೂ ಒಂದೇ ಸಂಖ್ಯೆ, ಇಳಿಜಾರು ಸೊನ್ನೆ, ‘ತಗ್ಗು ಸಿಕ್ಕಿತು’. ಕೆಲವೊಮ್ಮೆ ಇದಕ್ಕೆ ತದ್ವಿರುದ್ಧವಾಗಿ, ಕೊನೆಯ ಅಂಕಿಯ ಏರುಪೇರನ್ನು 10⁻⁸ರಿಂದ ಭಾಗಿಸಿದ ದೈತ್ಯ ಇಳಿಜಾರು ಹುಟ್ಟಿ, ಮೊದಲ ಜಿಗಿತದಲ್ಲೇ ಚರಗಳು ಮಿತಿಯ ಗೋಡೆಗೆ ಅಂಟಿಕೊಳ್ಳುತ್ತವೆ.

ಪರಿಹಾರ ಎರಡು ಕಡೆಯಿಂದ ಬರಬೇಕು. ಎನ್‌ಜಿಸ್ಪೈಸಿನಲ್ಲಿ ರೆಲ್‌ಟಾಲ್ 10⁻⁶ಕ್ಕೆ, ವೋಲ್ಟೇಜ್ ತಪ್ಪಿನ ಮಿತಿಯಾದ ವಿಎನ್‌ಟಾಲ್ 10⁻⁹ಕ್ಕೆ ಇಳಿಸಿ. ಎಸಿ ಅನಾಲಿಸಿಸ್‌ನಲ್ಲಿ ದಶಕಕ್ಕೆ 10 ಬಿಂದುಗಳ ಬದಲು 50 ಕೊಡಿ. ಸೈಪೈಯಲ್ಲಿ ಅಲುಗಿಸುವ ಹೆಜ್ಜೆಯನ್ನು 10⁻³ ಮಾಡಿ. ಒಮ್ಮುಖ ವ್ಯತ್ಯಾಸದ ಲೆಕ್ಕದಲ್ಲಿ ಸರಿಯಾದ ಹೆಜ್ಜೆ ಸುಮಾರಾಗಿ ಗದ್ದಲದ ವರ್ಗಮೂಲದಷ್ಟಿರಬೇಕು. 10⁻⁶ರ ಗದ್ದಲಕ್ಕೆ 10⁻³. ಚರಗಳೆಲ್ಲ 0ಯಿಂದ 1ರೊಳಗೆ ಇರುವಂತೆ ಮಾಪನ ಮಾಡಿಕೊಂಡಿದ್ದಾಗ ಮಾತ್ರ ಈ ಒಂದೇ ಹೆಜ್ಜೆ ಎಲ್ಲಕ್ಕೂ ಹೊಂದುತ್ತದೆ. ಈ ತಿದ್ದುಪಡಿ ಆಗದೆ ಆರಂಭ ಬಿಂದುವನ್ನು ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ, ಪ್ರತಿ ಬಿಂದುವೂ ತಾನೇ ಉತ್ತಮ ಎಂದು ಹೇಳಿಕೊಳ್ಳುತ್ತದೆ.

ಫೇಸ್ ಮಾರ್ಜಿನ್ ಅಳೆಯುವಾಗ ಇನ್ನೊಂದು ಹಳ್ಳವಿದೆ. ಎನ್‌ಜಿಸ್ಪೈಸ್ ಫೇಸನ್ನು ಮೊದಲಿಗೆ ರೇಡಿಯನ್‌ನಲ್ಲಿ ಕೊಡುತ್ತದೆ, ಯೂನಿಟ್ಸ್ ಎಂಬ ಚರವನ್ನು ಡಿಗ್ರೀಸ್ ಎಂದು ಬದಲಿಸಬೇಕು. ಸಾಮಾನ್ಯ ಫೇಸ್ ಫಂಕ್ಷನ್ 180 ಡಿಗ್ರಿ ದಾಟಿದಾಗ ಹಠಾತ್ತನೆ 360 ಡಿಗ್ರಿ ಜಿಗಿಯುತ್ತದೆ. ಆ ಜಿಗಿತ ಆಪ್ಟಿಮೈಸರ್‌ಗೆ ಬಂಡೆಯಂತೆ ಕಾಣುತ್ತದೆ, ಅದರ ಆಚೆಗಿನ ಒಳ್ಳೆಯ ಪ್ರದೇಶಕ್ಕೆ ಅದು ಕಾಲಿಡುವುದೇ ಇಲ್ಲ. ಜಿಗಿತವಿಲ್ಲದ ಸಿಪಿಎಚ್ ಫಂಕ್ಷನ್ ಬಳಸಿ.

ಮೊದಲ ಬಿಂದು ಕೈಲೆಕ್ಕದಿಂದಲೇ ಬರಬೇಕು

ಮಿತಿಗಳ ನಟ್ಟನಡುವಿನ ಬಿಂದುವನ್ನು ಆರಂಭವಾಗಿ ಕೊಡುವ ಅಭ್ಯಾಸ ಬಹಳ ಕಡೆ ಇದೆ. ಅದು ನಿರಪಾಯಕಾರಿ ಎನ್ನಿಸಿದರೂ ಹಾಗಲ್ಲ. ಟ್ರಾನ್ಸಿಸ್ಟರಿನ ಅಗಲ, ಉದ್ದ, ಕರೆಂಟುಗಳನ್ನು ಸ್ವತಂತ್ರ ಚರಗಳಾಗಿ ಇಟ್ಟುಕೊಂಡು ನಡುವಿನ ಬೆಲೆ ತೆಗೆದುಕೊಂಡರೆ, ಎರಡನೇ ಹಂತದ ಮೇಲಿನ ಮತ್ತು ಕೆಳಗಿನ ಕರೆಂಟ್‌ಗಳು ತಾಳೆಯಾಗದೆ ಔಟ್‌ಪುಟ್ ಸಪ್ಲೈಗೋ ನೆಲಕ್ಕೋ ಅಂಟಿಕೊಂಡಿರುತ್ತದೆ. ಆಗ ಯಾವುದೋ ಒಂದು ಟ್ರಾನ್ಸಿಸ್ಟರ್ ಟ್ರಯೋಡ್ ಪ್ರದೇಶಕ್ಕೆ (ಗೇನ್ ಕೊಡದೆ ರೆಸಿಸ್ಟರಿನಂತೆ ವರ್ತಿಸುವ ಸ್ಥಿತಿಗೆ) ಬಿದ್ದಿರುತ್ತದೆ, ಗೇನ್ ಕುಸಿದಿರುತ್ತದೆ, ಯೂನಿಟಿ ಗೇನ್ ದಾಟುವ ಆವರ್ತನವೇ ಇರುವುದಿಲ್ಲ. ಮೆಷರ್ ಆಜ್ಞೆ ವಿಫಲವಾಗಿ ಪೈಥಾನಿಗೆ ಸಂಖ್ಯೆಯೇ ಸಿಗುವುದಿಲ್ಲ. ಸೈಪೈಯ ಲೀಸ್ಟ್ ಸ್ಕ್ವೇರ್ಸ್ ಈ ವಿಷಯದಲ್ಲಿ ಪ್ರಾಮಾಣಿಕ: ಆರಂಭ ಬಿಂದುವಿನಲ್ಲಿ ಸಂಖ್ಯೆ ಸಿಗದಿದ್ದರೆ ಕೆಲಸ ಶುರು ಮಾಡದೆ ದೋಷ ಹೇಳಿ ನಿಲ್ಲುತ್ತದೆ. ಉಳಿದ ವಿಧಾನಗಳು ಸುಮ್ಮನೆ ಮುಂದುವರಿದು ಅರ್ಥವಿಲ್ಲದ ಉತ್ತರ ಕೊಟ್ಟಾವು.

ಆದ್ದರಿಂದ ಮೊದಲ ಆರಂಭ ಬಿಂದುವನ್ನು ಕಾಗದದ ಮೇಲೆ ಲೆಕ್ಕ ಮಾಡಿ. ಹತ್ತು ನಿಮಿಷದ ಕೆಲಸ. ಸ್ಥಿರತೆಗಾಗಿ ಹಾಕುವ ಕಾಂಪೆನ್ಸೇಶನ್ ಕೆಪಾಸಿಟರ್ ಲೋಡಿನ 0.22 ಪಟ್ಟಾದರೂ ಇರಬೇಕೆಂಬ ಹಳೆಯ ನಿಯಮದಂತೆ ಕನಿಷ್ಠ 1.1 ಪಿಕೋಫ್ಯಾರಡ್, ಸ್ವಲ್ಪ ಅಂತರ ಬಿಟ್ಟು 1.5 ಇಟ್ಟುಕೊಳ್ಳೋಣ. ಇನ್‌ಪುಟ್ ಜೋಡಿಯ ಜಿಎಂ (ಗೇಟ್ ವೋಲ್ಟೇಜ್ ಬದಲಾದಾಗ ಕರೆಂಟ್ ಎಷ್ಟು ಬದಲಾಗುತ್ತದೆ ಎಂಬ ಅಳತೆ) = 2π × 10 ಮೆಗಾಹರ್ಟ್ಸ್ × 1.5 ಪಿಕೋಫ್ಯಾರಡ್ = 94 ಮೈಕ್ರೋಸೀಮೆನ್ಸ್. ಸ್ಲೂ ರೇಟಿಗೆ ಟೇಲ್ ಕರೆಂಟ್ 15 ಮೈಕ್ರೋಆಂಪಿಯರ್, ಪ್ರತಿ ಬದಿಗೆ 7.5. ಅಲ್ಲಿಗೆ ಜಿಎಂ/ಐಡಿ, ಅಂದರೆ ಜಿಎಂ ಅನ್ನು ಕರೆಂಟಿನಿಂದ ಭಾಗಿಸಿದ ಬೆಲೆ, 12.6. ಇದು ಬಲವಾದ ಇನ್ವರ್ಷನ್ನಿಗೂ ದುರ್ಬಲ ಇನ್ವರ್ಷನ್ನಿಗೂ ನಡುವಿನ ಹದವಾದ ಜಾಗ. ಎಂ6ರ ಜಿಎಂ ಮೊದಲ ಹಂತದ ಹತ್ತು ಪಟ್ಟು, ಅಂದರೆ 942 ಮೈಕ್ರೋಸೀಮೆನ್ಸ್ ಇಟ್ಟರೆ ಎರಡನೇ ಪೋಲ್ 30 ಮೆಗಾಹರ್ಟ್ಸ್‌ಗೂ ಬಲಬದಿಯ ಝೀರೋ 100 ಮೆಗಾಹರ್ಟ್ಸ್‌ಗೂ ಬರುತ್ತವೆ. ಫೇಸ್ ಮಾರ್ಜಿನ್ ಸುಮಾರು 66 ಡಿಗ್ರಿ; ಮಿರರ್ ಪೋಲ್ ಒಂದಷ್ಟು ತಿಂದರೂ 60ರ ಮೇಲೆ ನಿಲ್ಲುವ ಅವಕಾಶವಿದೆ. ಎಂ6ರ ಜಿಎಂ/ಐಡಿ 12 ಎಂದುಕೊಂಡರೆ ಕರೆಂಟ್ 78.5 ಮೈಕ್ರೋಆಂಪಿಯರ್. ಆ ಝೀರೋವನ್ನು ಸರಿಸಲು ಕೆಪಾಸಿಟರಿನ ಸಾಲಿನಲ್ಲಿ ಹಾಕುವ ನಲ್ಲಿಂಗ್ ರೆಸಿಸ್ಟರ್ ಎಂ6ರ 1/ಜಿಎಂ, ಅಂದರೆ ಸುಮಾರು 1.06 ಕಿಲೋಓಮ್.

ಜಿಎಂ/ಐಡಿಯನ್ನೇ ವಿನ್ಯಾಸದ ಚರವಾಗಿ ಹಿಡಿಯುವ ಕ್ರಮವನ್ನು 1996ರಲ್ಲಿ ಸಿಲ್ವೇರಾ, ಫ್ಲಾಂಡ್ರ್, ಯೆಸ್ಪರ್ಸ್ ಮಂಡಿಸಿದರು. ಕೈಲೆಕ್ಕಕ್ಕೆಂದು ಬಂದ ಆ ಕ್ರಮ ಆಪ್ಟಿಮೈಸರ್‌ಗೂ ದೊಡ್ಡ ಉಪಕಾರ ಮಾಡುತ್ತದೆ. ಅಗಲವನ್ನು ಚರವಾಗಿ ಕೊಡಬೇಡಿ. ಜಿಎಂ/ಐಡಿ, ಉದ್ದ ಮತ್ತು ಕರೆಂಟನ್ನು ಕೊಡಿ; ಅಗಲ ಕೋಷ್ಟಕದಿಂದ ಬರಲಿ. ಕೋಷ್ಟಕ ಮಾಡಲು ಒಂದೊಂದು ಉದ್ದಕ್ಕೆ (0.3, 0.5, 1, 2 ಮೈಕ್ರಾನ್) 10 ಮೈಕ್ರಾನ್ ಅಗಲದ ಒಂದು ಟ್ರಾನ್ಸಿಸ್ಟರ್ ಇಟ್ಟು, ಡ್ರೇನ್ 0.9 ವೋಲ್ಟಿನಲ್ಲಿ ನಿಲ್ಲಿಸಿ, ಗೇಟನ್ನು 0ಯಿಂದ 1.8 ವೋಲ್ಟಿನವರೆಗೆ 10 ಮಿಲಿವೋಲ್ಟ್ ಹೆಜ್ಜೆಯಲ್ಲಿ ಏರಿಸಿ. ಕರೆಂಟ್, ಜಿಎಂ, ಜಿಡಿಎಸ್ (ಔಟ್‌ಪುಟ್ ವಾಹಕತೆ) ಮೂರನ್ನೂ ಉಳಿಸಿಕೊಳ್ಳಿ. ಸ್ಕೈವಾಟರ್ ಮಾದರಿಗಳು ಸಬ್‌ಸರ್ಕಿಟ್ ಒಳಗೆ ಅಡಗಿರುವುದರಿಂದ ಒಳಗಿನ ಮಾಸ್‌ಫೆಟ್‌ನ ಪೂರ್ಣ ಹೆಸರು ಕೊಟ್ಟು, ಸಿಮ್ಯುಲೇಷನ್ನಿಗೆ ಮುಂಚೆಯೇ ಸೇವ್ ಆಜ್ಞೆಯಲ್ಲಿ ಕೇಳಿರಬೇಕು. ಆಮೇಲೆ ಕೇಳಿದರೆ ಸಿಗದು.

ಹೀಗೆ ಮಾಡುವುದರಲ್ಲಿ ಇನ್ನೊಂದು ಲಾಭ ಅಡಗಿದೆ. ಮಿರರ್ ಲೋಡಿಗೂ ಎಂ6ಗೂ ಒಂದೇ ಉದ್ದ, ಒಂದೇ ಜಿಎಂ/ಐಡಿ ಕೊಟ್ಟರೆ ಎರಡರ ಕರೆಂಟ್ ಸಾಂದ್ರತೆ ಒಂದೇ, ಗೇಟ್ ವೋಲ್ಟೇಜೂ ಒಂದೇ. ಸಿಸ್ಟಮ್ಯಾಟಿಕ್ ಆಫ್‌ಸೆಟ್ ಹುಟ್ಟುವ ಮುಖ್ಯ ಕಾರಣವೇ ಅಲ್ಲಿಗೆ ಹೋಯಿತು. ಔಟ್‌ಪುಟ್ ಗೋಡೆಗೆ ಅಂಟುವ ಸಮಸ್ಯೆ ಆರಂಭ ಬಿಂದುವಿನಲ್ಲಷ್ಟೇ ಅಲ್ಲ, ದಾರಿಯುದ್ದಕ್ಕೂ ಬಹುಪಾಲು ಮಾಯವಾಗುತ್ತದೆ, ಎರಡು ಚರಗಳೂ ಕಡಿಮೆಯಾಗುತ್ತವೆ. ಉಳಿದ ಸಣ್ಣ ಆಫ್‌ಸೆಟ್ಟಿಗೆ ಟೆಸ್ಟ್‌ಬೆಂಚಿನಲ್ಲಿ ಔಟ್‌ಪುಟ್ಟನ್ನು ಭಾರೀ ಇಂಡಕ್ಟರ್ ಮೂಲಕ ಇನ್‌ವರ್ಟಿಂಗ್ ಇನ್‌ಪುಟ್ಟಿಗೆ ಕಟ್ಟಿ: ಡಿಸಿಗೆ ಲೂಪ್ ಮುಚ್ಚಿರುತ್ತದೆ, ಎಸಿಗೆ ತೆರೆದಿರುತ್ತದೆ.

ಕೊನೆಗೆ ಉಳಿಯುವುದು ಎಂಟು ಚರಗಳು. ಇನ್‌ಪುಟ್ ಜೋಡಿಯ ಜಿಎಂ/ಐಡಿ ಮತ್ತು ಮಿರರ್–ಎಂ6ರ ಜಿಎಂ/ಐಡಿ, ಎರಡೂ 5ರಿಂದ 22ರವರೆಗೆ. ಅವುಗಳ ಉದ್ದಗಳೆರಡು, 0.3ರಿಂದ 2 ಮೈಕ್ರಾನ್. ಟೇಲ್ ಕರೆಂಟ್ 5ರಿಂದ 60, ಎಂ6 ಕರೆಂಟ್ 20ರಿಂದ 300 ಮೈಕ್ರೋಆಂಪಿಯರ್. ಕೆಪಾಸಿಟರ್ 0.5ರಿಂದ 4 ಪಿಕೋಫ್ಯಾರಡ್, ರೆಸಿಸ್ಟರ್ 0.1ರಿಂದ 5 ಕಿಲೋಓಮ್. ಕರೆಂಟ್, ಕೆಪಾಸಿಟರ್, ರೆಸಿಸ್ಟರ್‌ಗಳನ್ನು ಲಾಗರಿದಮ್ ಮಾಪನದಲ್ಲೇ 0–1ಕ್ಕೆ ಇಳಿಸಿ. ಎಂ6 ಕರೆಂಟಿನ ಸಾಮಾನ್ಯ ನಡುಬಿಂದು 160. ಲಾಗ್ ಮಾಪನದ ನಡುಬಿಂದು 77.5, ಅಂದರೆ ಕೈಲೆಕ್ಕದ ಉತ್ತರದ ಪಕ್ಕದಲ್ಲೇ. ಮಾಪನ ಸರಿಯಿದ್ದರೆ ಕುರುಡು ಆಯ್ಕೆಯೂ ಇಷ್ಟು ಹತ್ತಿರ ಬರುತ್ತದೆ.

ಸ್ಕೈವಾಟರ್ ಮಾದರಿಗಳನ್ನು ಬಳಸುವಾಗ ಎಚ್ಚರಿಕೆ ಬೇಕು. ಅಗಲ–ಉದ್ದಗಳು ಮೈಕ್ರಾನ್ ಸಂಖ್ಯೆಯಲ್ಲೇ ಹೋಗಬೇಕು. ಸಂಖ್ಯೆಯ ಕೊನೆಗೆ ಮೈಕ್ರೋ ಪ್ರತ್ಯಯ ಸೇರಿಸಿದರೆ ಸರಿಹೊಂದುವ ಮಾದರಿ ಸಿಗಲಿಲ್ಲ ಎಂಬ ದೋಷ ಬರುತ್ತದೆ. ಮಾದರಿಗಳು ಅಗಲ–ಉದ್ದದ ಖಾನೆಗಳಾಗಿ ಒಡೆದಿವೆ, ಖಾನೆಗಳ ಹೊರಗೆ ಹೋದರೂ ಅದೇ ದೋಷ. ಇನ್ನು ಲೇಔಟ್ ಗ್ರಿಡ್ 5 ನ್ಯಾನೋಮೀಟರ್. ಅಳತೆಗಳನ್ನು ಗ್ರಿಡ್ಡಿಗೆ ಕೂರಿಸುವ ಕೆಲಸ ಕೊನೆಗೆ ಮಾಡಿ. ಆಪ್ಟಿಮೈಸರ್ ಓಡುವಾಗಲೇ ಮಾಡಿದರೆ ಸಣ್ಣ ಹೆಜ್ಜೆಗಳು ಗ್ರಿಡ್ಡಿನಲ್ಲಿ ಕರಗಿ ಇಳಿಜಾರು ಮತ್ತೆ ಸೊನ್ನೆಯಾಗುತ್ತದೆ. ಮಾದರಿ ಕಡತ ದೊಡ್ಡದು, ಅದನ್ನು ಓದುವುದರಲ್ಲೇ ಸಮಯ ಹೋಗುತ್ತದೆ. ಸ್ಪೈಸ್‌ಇನಿಟ್ ಕಡತದಲ್ಲಿ ಎನ್‌ಜಿಬಿಹೇವಿಯರ್ ಅನ್ನು ಎಚ್‌ಎಸ್‌ಎ ಎಂದು ಇಡುವುದು ಈ ಮಾದರಿಗಳಿಗೆ ಬೇಕಾದ ಹೊಂದಾಣಿಕೆ.

ಒಂದು ಬಿಂದು ಸಾಲದು

ಕೈಲೆಕ್ಕದ ಬಿಂದು ಒಳ್ಳೆಯ ತಗ್ಗಿನ ಹತ್ತಿರ ಇರುತ್ತದೆ, ಅದೇ ಅತ್ಯಂತ ಆಳದ ತಗ್ಗು ಎಂಬ ಖಾತರಿ ಇಲ್ಲ. ನಲ್ಲಿಂಗ್ ರೆಸಿಸ್ಟರನ್ನು ದೊಡ್ಡದು ಮಾಡಿ ಝೀರೋವನ್ನು ಎಡಬದಿಗೆ ತಂದು ಎಂ6 ಕರೆಂಟ್ ಉಳಿಸುವುದು ಒಂದು ದಾರಿ, ಕೆಪಾಸಿಟರ್ ಕಿರಿದಾಗಿಸಿ ಎಂ6ನ್ನು ಬಲಪಡಿಸುವುದು ಇನ್ನೊಂದು. ಇವು ಬೇರೆ ಬೇರೆ ಕಣಿವೆಗಳಾಗಿರಬಹುದು. ಒಂದರಲ್ಲಿ ಹೊರಟ ಲೋಕಲ್ ಆಪ್ಟಿಮೈಸರ್ ಇನ್ನೊಂದನ್ನು ನೋಡದೆಯೇ ಮುಗಿಸುತ್ತದೆ.

ಬಿಂದುಗಳನ್ನು ಚೆಲ್ಲಲು ಸೈಪೈ 1.7ರಲ್ಲಿ (2021) ಬಂದ ಕ್ಯುಎಂಸಿ (ಕ್ವಾಸಿ-ಮಾಂಟೆ ಕಾರ್ಲೊ) ಮಾಡ್ಯೂಲ್ ಈ ಲೈಬ್ರರಿಯ ನಿಜವಾದ ಬಲ. ಸಾಮಾನ್ಯ ರ‍್ಯಾಂಡಮ್ ಸಂಖ್ಯೆಗಳು ಒಂದೆಡೆ ಗುಂಪಾಗಿ ಇನ್ನೊಂದೆಡೆ ಖಾಲಿ ಬಿಡುತ್ತವೆ, ಸೊಬೊಲ್ ಸರಣಿ ಸಮವಾಗಿ ಹರಡುತ್ತದೆ. ಸೊಬೊಲ್ ಬಿಂದುಗಳ ಸಂಖ್ಯೆ 2ರ ಘಾತವೇ ಆಗಿರಬೇಕು: 64 ಅಥವಾ 128. 50 ಅಥವಾ 100 ಕೇಳಿದರೆ, ಮೊದಲ ಬಿಂದುವನ್ನು ಕೈಬಿಟ್ಟರೆ, ಆ ಸಮತೋಲ ಕೆಡುತ್ತದೆ. ಯಾವುದೋ ಒಂದು ನಿರ್ದಿಷ್ಟ ಸಂಖ್ಯೆಯೇ ಬೇಕೆಂದಿದ್ದರೆ ಲ್ಯಾಟಿನ್ ಹೈಪರ್‌ಕ್ಯೂಬ್ ಬಳಸಿ.

ಎಂಟು ಚರಗಳಿಗೆ 64 ಬಿಂದು ಸಾಕು. ಎಲ್ಲಕ್ಕೂ ಮೊದಲಿಗೆ ಆಪರೇಟಿಂಗ್ ಪಾಯಿಂಟ್ ಮಾತ್ರ ಓಡಿಸಿ, ಅದು ಅಗ್ಗ. ಯಾವ ಟ್ರಾನ್ಸಿಸ್ಟರಿನ ವಿಡಿಎಸ್ (ಡ್ರೇನ್–ಸೋರ್ಸ್ ವೋಲ್ಟೇಜ್) ತನ್ನ ವಿಡಿಸ್ಯಾಟ್‌ಗಿಂತ (ಸ್ಯಾಚುರೇಶನ್‌ಗೆ ಬೇಕಾದ ಕನಿಷ್ಠ ವೋಲ್ಟೇಜ್) 50 ಮಿಲಿವೋಲ್ಟ್ ಮೇಲಿಲ್ಲವೋ ಆ ಬಿಂದುವನ್ನು ತೆಗೆಯಿರಿ. ಉಳಿದವಕ್ಕೆ ಎಸಿ ಓಡಿಸಿ, ವೆಚ್ಚದ (ಗುರಿಗಳಿಂದ ಎಷ್ಟು ದೂರ ಎಂದು ಹೇಳುವ ಒಂದೇ ಸಂಖ್ಯೆಯ) ಪ್ರಕಾರ ಸಾಲು ಹಚ್ಚಿ. ಮೇಲಿನಿಂದ ಒಂದೊಂದೇ ಆರಿಸುತ್ತ ಬನ್ನಿ. ಆಗಲೇ ಆರಿಸಿದ ಬಿಂದುವಿಗೆ 0–1 ಮಾಪನದಲ್ಲಿ 0.4ಕ್ಕಿಂತ ಹತ್ತಿರವಿದ್ದರೆ ಬಿಟ್ಟು ಮುಂದಕ್ಕೆ ಹೋಗಿ. ಎಂಟು ಆಯಾಮದಲ್ಲಿ ಎರಡು ರ‍್ಯಾಂಡಮ್ ಬಿಂದುಗಳ ನಡುವಿನ ದೂರವೇ ಸರಾಸರಿ 1.1ರ ಆಸುಪಾಸಿನಲ್ಲಿರುವುದರಿಂದ 0.4 ಎಂದರೆ ನೆರೆಮನೆ, ಅದೇ ಕಣಿವೆಗೆ ಇಳಿಯುವ ಸಂಭವ ಹೆಚ್ಚು. ಕೈಲೆಕ್ಕದ ಬಿಂದು ಮೊದಲನೆಯದಾಗಿ ಸೇರಿ ಒಟ್ಟು ಎಂಟು ಆರಂಭ ಬಿಂದುಗಳಾಗಲಿ.

ವೆಚ್ಚದ ಫಂಕ್ಷನ್ ಬರೆಯುವ ರೀತಿಯೂ ಆರಂಭ ಬಿಂದುವಿನ ಆಯ್ಕೆಯಷ್ಟೇ ಮುಖ್ಯ. ಪ್ರತಿ ಗುರಿಗೂ ಕೊರತೆಯನ್ನು ಗುರಿಯಿಂದ ಭಾಗಿಸಿ, ವರ್ಗ ಮಾಡಿ, ಕೂಡಿಸಿ. ಗುರಿ ಮುಟ್ಟಿದ್ದರೆ ಆ ಪದ ಸೊನ್ನೆ. ಎಲ್ಲ ಗುರಿ ಮುಟ್ಟಿದ ಮೇಲೆ ನೆಲ ಚಪ್ಪಟೆಯಾಗದಂತೆ ಒಟ್ಟು ಕರೆಂಟಿನ ಸಣ್ಣ ಪಾಲು ಸೇರಿಸಿ. ಸಿಮ್ಯುಲೇಷನ್ ವಿಫಲವಾದ ಬಿಂದುವಿಗೆ ‘ನೂರು ಕೋಟಿ’ ದಂಡ ಹಾಕುವುದು ಎಲ್ಲೆಡೆ ಕಾಣುವ ತಪ್ಪು. ಎಲ್ಲ ಕೆಟ್ಟ ಬಿಂದುಗಳಿಗೂ ಒಂದೇ ದಂಡವಾದರೆ, ಕೆಟ್ಟ ಪ್ರದೇಶದಲ್ಲಿ ಸಿಕ್ಕಿಬಿದ್ದ ಆಪ್ಟಿಮೈಸರ್‌ಗೆ ಯಾವ ಕಡೆ ಹೋಗಬೇಕೆಂದು ತಿಳಿಯದು. ಬದಲಿಗೆ ಸ್ಯಾಚುರೇಶನ್‌ಗೆ ಎಷ್ಟು ವೋಲ್ಟ್ ಕೊರತೆಯಿದೆ ಎಂಬುದನ್ನು ಕೂಡಿಸಿ, ಅದಕ್ಕೆ ಒಂದು ಸ್ಥಿರ ಮೊತ್ತ ಸೇರಿಸಿ ಕೊಡಿ. ಆಗ ಕೆಟ್ಟ ನೆಲವೂ ಒಳ್ಳೆಯ ನೆಲದ ಕಡೆಗೆ ಓರೆಯಾಗುತ್ತದೆ.

ಯಾವ ವಿಧಾನಕ್ಕೆ ಯಾವ ಹೆಜ್ಜೆ

ಎಸಿ ಮತ್ತು ಡಿಸಿ ಅಳತೆಗಳಷ್ಟೇ ಇದ್ದರೆ, ಮೇಲೆ ಹೇಳಿದ ತಿದ್ದುಪಡಿಗಳೊಂದಿಗೆ ಎಲ್-ಬಿಎಫ್‌ಜಿಎಸ್-ಬಿ ಅಥವಾ ಲೀಸ್ಟ್ ಸ್ಕ್ವೇರ್ಸ್‌ನ ಟಿಆರ್‌ಎಫ್ ವಿಧಾನ ಮೊದಲ ಆಯ್ಕೆ. ಲೀಸ್ಟ್ ಸ್ಕ್ವೇರ್ಸ್‌ನ ಎಲ್‌ಎಂ ವಿಧಾನ ಮಿತಿಗಳನ್ನು ಒಪ್ಪುವುದಿಲ್ಲ, ಸರ್ಕ್ಯೂಟ್ ಕೆಲಸಕ್ಕೆ ಅದನ್ನು ಬಿಟ್ಟುಬಿಡಿ. ಸ್ಲೂ ರೇಟ್, ಸೆಟ್ಲಿಂಗ್‌ನಂಥ ಟ್ರಾನ್ಸಿಯೆಂಟ್ ಅಳತೆ ಸೇರಿದ ಕೂಡಲೇ ಪರಿಸ್ಥಿತಿ ಬದಲಾಗುತ್ತದೆ. ಸಿಮ್ಯುಲೇಟರ್ ಕಾಲದ ಹೆಜ್ಜೆಗಳನ್ನು ತಾನೇ ಆರಿಸುವುದರಿಂದ ಚರವನ್ನು ಚೂರು ಅಲುಗಿಸಿದರೂ ಉತ್ತರ ಕೂದಲೆಳೆಯಷ್ಟು ಜಿಗಿಯುತ್ತದೆ. ಅಲ್ಲಿ ಇಳಿಜಾರು ಕೇಳದ ನೆಲ್ಡರ್–ಮೀಡ್ ಅಥವಾ ಕೊಬೈಲಾ ಲೇಸು.

ನೆಲ್ಡರ್–ಮೀಡ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಆರಂಭ ಬಿಂದುವಿನ ಬೆಲೆಯೇ ಅದರ ಮೊದಲ ಹೆಜ್ಜೆಯನ್ನು ತೀರ್ಮಾನಿಸುತ್ತದೆ. ಸೈಪೈ ಆರಂಭ ಬಿಂದುವಿನ ಪ್ರತಿ ಚರವನ್ನು ಅದರ ಬೆಲೆಯ ಶೇ. 5ರಷ್ಟು ಹೆಚ್ಚಿಸಿ ಆರಂಭದ ಸಿಂಪ್ಲೆಕ್ಸ್, ಅಂದರೆ ಹುಡುಕಾಟದ ಬಿಂದುಗಳ ಗುಂಪು, ಕಟ್ಟುತ್ತದೆ. 0–1 ಮಾಪನದಲ್ಲಿ ಒಂದು ಚರ 0.9ರಲ್ಲಿದ್ದರೆ ಹೆಜ್ಜೆ 0.045, ಇನ್ನೊಂದು 0.04ರಲ್ಲಿದ್ದರೆ ಹೆಜ್ಜೆ 0.002. ಚರ ಸರಿಯಾಗಿ ಸೊನ್ನೆಯಲ್ಲಿದ್ದರೆ 0.00025. ಹೀಗೆ ಒಂದು ದಿಕ್ಕಿನಲ್ಲಿ ಚಪ್ಪಟೆಯಾದ ಸಿಂಪ್ಲೆಕ್ಸ್ ಆ ಚರವನ್ನು ನೂರಾರು ಸಿಮ್ಯುಲೇಷನ್ ಆದರೂ ಬಹುತೇಕ ಮುಟ್ಟುವುದಿಲ್ಲ. ಆರಂಭದ ಸಿಂಪ್ಲೆಕ್ಸನ್ನು ನೀವೇ ಕೊಡಬಹುದು: ಆರಂಭ ಬಿಂದು ಮತ್ತು ಪ್ರತಿ ಚರದಲ್ಲೂ 0.1ರಿಂದ 0.15 ಸರಿಸಿದ ಎಂಟು ಬಿಂದುಗಳು, ಒಟ್ಟು ಒಂಬತ್ತು. ಮಿತಿಯ ಹತ್ತಿರವಿದ್ದರೆ ಒಳಮುಖವಾಗಿ ಸರಿಸಿ. ಅಡಾಪ್ಟಿವ್ ಆಯ್ಕೆಯನ್ನೂ ಚಾಲು ಮಾಡಿ, ಚರಗಳು ಹೆಚ್ಚಿದ್ದಾಗ ಅದರಿಂದ ಅನುಕೂಲ.

ಕೊಬೈಲಾದ ತೊಂದರೆ ಇದಕ್ಕೆ ವಿರುದ್ಧ. ಅದರ ಮೊದಲ ಹೆಜ್ಜೆಯ ಡೀಫಾಲ್ಟ್ 1.0, 0–1ರ ಪೆಟ್ಟಿಗೆಯಲ್ಲಿ ಅದು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಜಿಗಿತ. ಎಚ್ಚರದಿಂದ ಆರಿಸಿದ ಆರಂಭ ಬಿಂದುವನ್ನು ಅದು ಮೊದಲ ಹೆಜ್ಜೆಯಲ್ಲೇ ಕೈಬಿಡುತ್ತದೆ. 0.1 ಇಡಿ. ಬೇಸಿನ್‌ಹಾಪಿಂಗ್‌ನ 0.5 ಹೆಜ್ಜೆಗೂ ಇದೇ ಮಾತು.

ಬಿಂದುಗಳ ಒಂದು ಗುಂಪನ್ನೇ (ಜನಸಂಖ್ಯೆ) ಪೀಳಿಗೆಯಿಂದ ಪೀಳಿಗೆಗೆ ತಿದ್ದುತ್ತ ಹೋಗುವ ಡಿಫರೆನ್ಷಿಯಲ್ ಇವಲ್ಯೂಷನ್ ಬಳಸಿದರೆ ಆರಂಭ ಬಿಂದುವಿನ ಚಿಂತೆಯೇ ಇಲ್ಲವಲ್ಲ ಎಂಬ ಪ್ರಶ್ನೆ ಸಹಜ. ಲೆಕ್ಕ ನೋಡಿ. ಡೀಫಾಲ್ಟ್ ಪ್ರಕಾರ ಜನಸಂಖ್ಯೆ ಚರಗಳ 15 ಪಟ್ಟು, ಅಂದರೆ 120. ಗರಿಷ್ಠ 1000 ಪೀಳಿಗೆ. ಪೂರ್ತಿ ಓಡಿದರೆ 1,20,120 ಸಿಮ್ಯುಲೇಷನ್. ಒಂದಕ್ಕೆ ಅರ್ಧ ಸೆಕೆಂಡ್ ಹಿಡಿದರೂ ಸುಮಾರು ಹದಿನೇಳು ಗಂಟೆ. ಎಂಟು ಆರಂಭ ಬಿಂದುಗಳ ದಾರಿಯಲ್ಲಿ ಪ್ರತಿ ಹೆಜ್ಜೆಗೆ ಇಳಿಜಾರು ಅಳೆಯಲು 9 ಸಿಮ್ಯುಲೇಷನ್, 30 ಹೆಜ್ಜೆಗೆ 270, ಎಂಟಕ್ಕೆ 2160. ಚೆಲ್ಲಿದ 64 ಸೇರಿ 2224. ಅದೇ ಅರ್ಧ ಸೆಕೆಂಡಿನ ಲೆಕ್ಕದಲ್ಲಿ ಹತ್ತೊಂಬತ್ತು ನಿಮಿಷದೊಳಗೆ ಮುಗಿಯುತ್ತದೆ. ಸರ್ಕ್ಯೂಟಿನ ಬಗ್ಗೆ ಏನೂ ತಿಳಿಯದಿದ್ದಾಗ ಇವಲ್ಯೂಷನ್ ಸರಿ. ಆಗಲೂ ಕೈಲೆಕ್ಕದ ಬಿಂದುವನ್ನು ಜನಸಂಖ್ಯೆಯೊಳಗೆ ಸೇರಿಸಲು ಅವಕಾಶವಿದೆ, ಅದನ್ನು ಬಿಡಬೇಡಿ. ಕೊನೆಯಲ್ಲಿ ಅದು ತಾನಾಗಿಯೇ ‘ಪಾಲಿಶ್’ ಹೆಸರಿನಲ್ಲಿ ಎಲ್-ಬಿಎಫ್‌ಜಿಎಸ್-ಬಿ ಓಡಿಸುತ್ತದೆ. ಅಲ್ಲಿ ಮತ್ತೆ ಸಣ್ಣ ಹೆಜ್ಜೆಯ ಸಮಸ್ಯೆ ಬರುವುದರಿಂದ ಪಾಲಿಶ್ ಅನ್ನು ಆಫ್ ಮಾಡಿ, ಸರಿಯಾದ ಹೆಜ್ಜೆಯೊಂದಿಗೆ ನೀವೇ ಪ್ರತ್ಯೇಕವಾಗಿ ಓಡಿಸಿ.

ಎಂಟು ಓಟಗಳನ್ನು ಏಕಕಾಲಕ್ಕೆ ಓಡಿಸಬಹುದು. ಆದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಪ್ರೋಸೆಸ್, ಪ್ರತ್ಯೇಕ ಫೋಲ್ಡರ್ ಕೊಡಿ. ಎನ್‌ಜಿಸ್ಪೈಸಿನ ಹಂಚಿಕೆ ಲೈಬ್ರರಿಯನ್ನು ಒಂದೇ ಪ್ರೋಸೆಸ್ಸಿನ ಹಲವು ಥ್ರೆಡ್‌ಗಳಿಂದ ಕರೆದರೆ ಒಂದರ ಸ್ಥಿತಿ ಇನ್ನೊಂದಕ್ಕೆ ಬೆರೆಯುತ್ತದೆ. ಎಲ್ಲ ಓಟಗಳೂ ಒಂದೇ ಹೆಸರಿನ ಔಟ್‌ಪುಟ್ ಕಡತಕ್ಕೆ ಬರೆದರೆ, ಒಂದು ಓಟದ ಉತ್ತರವನ್ನು ಇನ್ನೊಂದು ಓದಿಕೊಂಡು ಎರಡೂ ದಾರಿ ತಪ್ಪುತ್ತವೆ, ಯಾವ ದೋಷ ಸಂದೇಶವೂ ಬರುವುದಿಲ್ಲ. ಆಲ್ಟರ್‌ಪ್ಯಾರಮ್ ಆಜ್ಞೆಯಿಂದ ಬೆಲೆ ಬದಲಿಸುವವರು ಅದರ ಬೆನ್ನಿಗೇ ರೀಸೆಟ್ ಕೊಡಬೇಕು. ಕೊಡದಿದ್ದರೆ ಹಳೆಯ ಬೆಲೆಯೇ ಓಡುತ್ತಿರುತ್ತದೆ.

ಬ್ಯಾಂಡ್‌ಗ್ಯಾಪ್‌ನಂಥ (ಸ್ಥಿರ ಉಲ್ಲೇಖ ವೋಲ್ಟೇಜ್ ಕೊಡುವ) ಸ್ವಯಂ ಬಯಾಸ್ ಸರ್ಕ್ಯೂಟಿನಲ್ಲಿ ಇನ್ನೊಂದು ಬಗೆಯ ಆರಂಭ ಬಿಂದುವೂ ಇದೆ: ಸಿಮ್ಯುಲೇಟರ್ ನೋಡ್ ವೋಲ್ಟೇಜ್‌ಗಳನ್ನು ಎಲ್ಲಿಂದ ಹುಡುಕಲು ಶುರು ಮಾಡುತ್ತದೆ ಎಂಬುದು. ಕರೆಂಟೇ ಹರಿಯದ ಸ್ಥಿತಿಯೂ ಅಂಥ ಸರ್ಕ್ಯೂಟಿಗೆ ಗಣಿತದ ಪ್ರಕಾರ ಸರಿಯಾದ ಉತ್ತರ. ಕೆಲವು ಅಳತೆಗಳಿಗೆ ಒಂದು ಸ್ಥಿತಿ, ಕೆಲವಕ್ಕೆ ಇನ್ನೊಂದು ಸಿಕ್ಕರೆ ವೆಚ್ಚದ ನೆಲ ತುಂಡುತುಂಡಾಗುತ್ತದೆ. ನೋಡ್‌ಸೆಟ್ ಆಜ್ಞೆಯಿಂದ ಎರಡು ಮುಖ್ಯ ನೋಡ್‌ಗಳ ನಿರೀಕ್ಷಿತ ವೋಲ್ಟೇಜ್ ಕೊಡಿ, ಸ್ಟಾರ್ಟ್‌ಅಪ್ ಸರ್ಕ್ಯೂಟನ್ನು ಮೊದಲ ದಿನವೇ ಸೇರಿಸಿ.

ಎಷ್ಟು ಆರಂಭ ಬಿಂದುಗಳಾದರೆ ಸಾಕು

ಎಂಟೂ ಓಟಗಳು ಮುಗಿದ ಮೇಲೆ ವೆಚ್ಚಗಳನ್ನಷ್ಟೇ ನೋಡಬೇಡಿ, ತಲುಪಿದ ಜಾಗಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ವೆಚ್ಚವೂ ಜಾಗವೂ ಒಂದೇ ಆಗಿದ್ದರೆ ಉತ್ತರವನ್ನು ನಂಬಬಹುದು. ವೆಚ್ಚ ಒಂದೇ, ಜಾಗ ಬೇರೆ ಬೇರೆ ಎಂದರೆ ತಳ ಅಗಲವಾದ ಕಣಿವೆ. ಅವುಗಳಲ್ಲಿ ಎಸ್‌ಎಸ್, ಎಫ್‌ಎಫ್ ಕಾರ್ನರ್‌ಗಳಲ್ಲೂ (ತಯಾರಿಕೆಯಲ್ಲಿ ಟ್ರಾನ್ಸಿಸ್ಟರುಗಳು ಅತಿ ನಿಧಾನ, ಅತಿ ವೇಗವಾಗಿ ಬಂದ ಸ್ಥಿತಿಗಳು) −40 ಮತ್ತು 125 ಡಿಗ್ರಿಯಲ್ಲೂ ಕಡಿಮೆ ಕುಸಿಯುವುದನ್ನು ಆರಿಸಿ. ಉತ್ತರ ಯಾವುದಾದರೂ ಮಿತಿಗೆ ಅಂಟಿದ್ದರೆ ಆ ಮಿತಿ ತಂತ್ರಜ್ಞಾನದ್ದೋ ನೀವು ಸುಮ್ಮನೆ ಇಟ್ಟದ್ದೋ ನೋಡಿ. ಸುಮ್ಮನೆ ಇಟ್ಟದ್ದಾದರೆ ಸಡಿಲಿಸಿ ಮತ್ತೆ ಓಡಿಸಿ.

ನಿಲ್ಲಿಸುವುದಕ್ಕೆ 1987ರಲ್ಲಿ ಬೂಂಡರ್ ಮತ್ತು ರಿನೋಯ್ ಕಾನ್ ಕೊಟ್ಟ ಸೂತ್ರ ಕೈಗೆಟಕುವಂಥದ್ದು. ಎನ್ ಆರಂಭ ಬಿಂದುಗಳಿಂದ ಡಬ್ಲ್ಯು ಬೇರೆ ಬೇರೆ ತಗ್ಗುಗಳು ಸಿಕ್ಕಿದ್ದರೆ, ಒಟ್ಟು ತಗ್ಗುಗಳ ಅಂದಾಜು ಡಬ್ಲ್ಯು × (ಎನ್ − 1) ÷ (ಎನ್ − ಡಬ್ಲ್ಯು − 2). ಈ ಅಂದಾಜು ಸಿಕ್ಕ ಸಂಖ್ಯೆಗಿಂತ 0.5ರಷ್ಟೂ ಹೆಚ್ಚಿಲ್ಲ ಎಂದಾಗ ನಿಲ್ಲಿಸಿ. ಎಂಟರಿಂದ ಒಂದೇ ತಗ್ಗು ಸಿಕ್ಕಿದರೆ 7 ÷ 5 = 1.4, ನಿಲ್ಲಿಸಬಹುದು. ಆರರಿಂದಷ್ಟೇ ಒಂದು ಸಿಕ್ಕಿದ್ದರೆ 5 ÷ 3 = 1.67, ಸಾಲದು. ಎರಡು ತಗ್ಗು ಕಂಡರೆ ಹನ್ನೆರಡು ಬಿಂದುವಿಗೂ ಅಂದಾಜು 2.75, ಇಪ್ಪತ್ತಕ್ಕೆ 2.375 ಬಂದಾಗ ನಿಲ್ಲಿಸಬಹುದು. ಸೂತ್ರ ಸಮವಾಗಿ ಚೆಲ್ಲಿದ ರ‍್ಯಾಂಡಮ್ ಬಿಂದುಗಳಿಗೆ ಬರೆದದ್ದು, ಸೋಸಿ ಆರಿಸಿದವಕ್ಕೆ ಅದನ್ನು ದಾರಿಸೂಚಿಯಂತೆ ಮಾತ್ರ ಬಳಸಿ.

ಕೊರತೆಗಳೂ ಇವೆ. ಚಿತ್ರಾತ್ಮಕ ಪರದೆ ಇಲ್ಲ; ಯಾವ ಓಟ ಎಲ್ಲಿಂದ ಹೊರಟಿತು, ಎಲ್ಲಿಗೆ ಮುಟ್ಟಿತು ಎಂಬ ದಾಖಲೆಯನ್ನು ನೀವೇ ಇಡಬೇಕು. ಕೇಡೆನ್ಸ್‌ನ ವರ್ಚುವೊಸೊ ಲೋಕಲ್ ಮತ್ತು ಗ್ಲೋಬಲ್ ಆಪ್ಟಿಮೈಸೇಶನ್ನನ್ನು ಪ್ರತ್ಯೇಕ ಓಟಗಳಾಗಿ ಕೊಡುತ್ತದೆ. ಕೀಸೈಟ್‌ನ ಎಡಿಎಸ್‌ನಲ್ಲಿ ರ‍್ಯಾಂಡಮ್, ಗ್ರೇಡಿಯಂಟ್, ಮಿನಿಮ್ಯಾಕ್ಸ್, ಜೆನೆಟಿಕ್ ಎಂದು ಪಟ್ಟಿಯಿಂದ ಆರಿಸಿ, ಸ್ಕೀಮ್ಯಾಟಿಕ್‌ನಲ್ಲಿರುವ ಬೆಲೆಯಿಂದಲೇ ಹೊರಡಬಹುದು. ಆರ್‌ಎಫ್ ಮ್ಯಾಚಿಂಗ್ ಕೆಲಸಕ್ಕೆ ಎಡಿಎಸ್ ಸಿಗುವವರು ಅದನ್ನೇ ಬಳಸಲಿ. ಅಲ್ಲಿಯೂ ಸ್ಕೀಮ್ಯಾಟಿಕ್‌ನಲ್ಲಿ ಮೊದಲು ಬರೆದ ಬೆಲೆಯೇ ಆರಂಭ ಬಿಂದು ಎಂಬುದು ನೆನಪಿರಲಿ. ಇನ್ನೊಂದು ತುದಿಯಲ್ಲಿ, 2001ರಲ್ಲಿ ಹರ್ಶೆನ್ಸನ್, ಬಾಯ್ಡ್, ಲೀ ತೋರಿಸಿದ ಜಿಯೊಮೆಟ್ರಿಕ್ ಪ್ರೋಗ್ರಾಮಿಂಗ್ ದಾರಿಯಲ್ಲಿ ಆಪ್-ಆಂಪ್ ವಿನ್ಯಾಸಕ್ಕೆ ಆರಂಭ ಬಿಂದುವೇ ಬೇಡ, ಎಲ್ಲಿಂದ ಹೊರಟರೂ ಒಂದೇ ಉತ್ತರ. ಅದಕ್ಕೆ ಟ್ರಾನ್ಸಿಸ್ಟರ್ ಸಮೀಕರಣಗಳನ್ನು ಪಾಸಿನೋಮಿಯಲ್ ರೂಪಕ್ಕೆ (ಧನ ಗುಣಾಂಕಗಳ ಘಾತ ಪದಗಳ ಮೊತ್ತಕ್ಕೆ) ಇಳಿಸಬೇಕು, ನಿಖರತೆ ಅಷ್ಟರ ಮಟ್ಟಿಗೆ ಹೋಗುತ್ತದೆ. ಆದರೆ ಆ ಉತ್ತರವನ್ನು ಇಲ್ಲಿಯ ಒಂಬತ್ತನೇ ಆರಂಭ ಬಿಂದುವಾಗಿ ಕೊಟ್ಟರೆ ಚೆನ್ನಾಗಿ ಹೊಂದುತ್ತದೆ.

ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ಕೆಲಸಕ್ಕೆ ಸೇರಬೇಕೆಂದಿರುವ ವಿದ್ಯಾರ್ಥಿಗಳಿಗೆ, ಸ್ವಂತವಾಗಿ ಸಣ್ಣ ಅನಲಾಗ್ ಬ್ಲಾಕ್ ಮಾಡುವವರಿಗೆ ಈ ಜೋಡಿಯನ್ನು ಮನಸಾರೆ ಹೇಳಬಹುದು. ಎಂಟು–ಹತ್ತು ಚರಗಳವರೆಗೆ ಅದು ಸಲೀಸು. ಇಪ್ಪತ್ತು ದಾಟಿದರೆ ಸರ್ಕ್ಯೂಟನ್ನು ಹಂತಗಳಾಗಿ ಒಡೆದು, ಒಂದೊಂದನ್ನೂ ಬೇರೆಯಾಗಿ ಹೊಂದಿಸಿ, ಆ ಉತ್ತರಗಳನ್ನು ಜೋಡಿಸಿದ ಬಿಂದುವಿನಿಂದ ಪೂರ್ಣ ಸರ್ಕ್ಯೂಟಿನ ಓಟ ಶುರು ಮಾಡಿ. ಮೊದಲ ಓಟಕ್ಕೆ ಮುಂಚೆ ಒಂದು ಪರೀಕ್ಷೆ ತಪ್ಪದೆ ಮಾಡಿ: ಆರಂಭ ಬಿಂದುವಿನಲ್ಲಿ ಒಂದೊಂದೇ ಚರವನ್ನು 10⁻⁴, 10⁻³, 10⁻² ಹೆಜ್ಜೆಗಳಲ್ಲಿ ಅಲುಗಿಸಿ ಮೂರು ಇಳಿಜಾರುಗಳನ್ನು ಹೋಲಿಸಿ. ಕೊನೆಯ ಎರಡು ಶೇ. 10ರೊಳಗೆ ಹೊಂದಿದರೆ ಓಡಿಸಿ. ಹೊಂದದಿದ್ದರೆ ಆಪ್ಟಿಮೈಸರನ್ನು ಮುಟ್ಟಬೇಡಿ, ಸರ್ಕ್ಯೂಟನ್ನು ವಿವರಿಸುವ ನೆಟ್‌ಲಿಸ್ಟ್ ಕಡತಕ್ಕೆ ಹಿಂದಿರುಗಿ.